ಗಡಿಯಾಚೆ ಉಚಿತ, ಈಚೆ ಸ್ವಂತ ಖರ್ಚು

ಶಿಕಾರಿಪುರ ದಾಟಿದರೆ ಹಿರೇಕೆರೂರು, ಸೊರಬದ ಆನವಟ್ಟಿ ದಾಟಿದರೆ ಹಾನಗಲ್ಲು. ಬೀಗತನ, ಸಂತೆ, ವ್ಯಾಪಾರಗಳಿಗೆ ಇಲ್ಲಿ ಗಡಿಯಿಲ್ಲ. ಕಾಗದದ ಮೇಲೆ ಮಾತ್ರ ಇದು 1956ರವರೆಗೆ ಮೈಸೂರು–ಮುಂಬಯಿ ರಾಜ್ಯಗಳ ಗಡಿ, ಈಗ ಬೆಂಗಳೂರು–ಬೆಳಗಾವಿ ಕಂದಾಯ ವಿಭಾಗಗಳ ಗಡಿ. ಬಡವರ ಹೃದಯ ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಯಾರು ಕಟ್ಟಬೇಕೆಂಬುದನ್ನೂ ಈ ಗೆರೆ ಒಮ್ಮೆ ತೀರ್ಮಾನಿಸಿತ್ತು.

ಮೊದಲು ಸರ್ಕಾರದ ಹಣ ಹೋಗುತ್ತಿದ್ದುದು ಆಸ್ಪತ್ರೆಗೆ, ರೋಗಿಯ ಹೆಸರಿಗಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಕೊನೆಗೆ ಶಿವಮೊಗ್ಗದ ಮೆಗ್ಗಾನ್. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಮೇಲೆ ರಕ್ತಪರೀಕ್ಷೆಗೂ ಲಸಿಕೆಗೂ ಖರ್ಚಾದದ್ದು ಸರ್ಕಾರದ ಹಣವೇ. ಅದಕ್ಕೆ ಯಾರೂ ಕಾರ್ಡು ಕೇಳಲಿಲ್ಲ.

ಕಾರ್ಡಿನ ಕಾಲ ಶುರುವಾದದ್ದು 2003ರ ಯಶಸ್ವಿನಿಯಿಂದ. ಡಾ. ದೇವಿ ಶೆಟ್ಟಿಯವರ ಆಲೋಚನೆ, ಎಸ್.ಎಂ. ಕೃಷ್ಣ ಸರ್ಕಾರದ ಬೆಂಬಲ. ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ವಂತಿಗೆ ಕಟ್ಟಿದ ರೈತನಿಗೆ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಜಾಣ ಯೋಜನೆ, ಒಪ್ಪೋಣ. ಆದರೆ ಸಹಕಾರ ಸಂಘದ ಸದಸ್ಯತ್ವ ಇರಬೇಕು. ಜಮೀನಿಲ್ಲದ ಕೂಲಿಯವನು ಯಾವ ಸೊಸೈಟಿಯ ಸದಸ್ಯ?

2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ವಿಶ್ವಬ್ಯಾಂಕಿನ ನೆರವು, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಉಸ್ತುವಾರಿ. ಬಿಪಿಎಲ್ ಕುಟುಂಬದವರು ವಂತಿಗೆ ಕಟ್ಟಬೇಕಿರಲಿಲ್ಲ; ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಹಳ್ಳಿಗಳ ಬಳಿಯೇ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದರು. ಮೊದಲ ಸರದಿ ಉತ್ತರದ ವಿಭಾಗಗಳದ್ದು. ಶಿವಮೊಗ್ಗ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದ್ದರಿಂದ ಕಾಯಬೇಕಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ಶಿಕಾರಿಪುರದ ಶಾಸಕ ಯಡಿಯೂರಪ್ಪ ಎಂಬುದು ಈ ಕಥೆಯ ವಿಚಿತ್ರ. ಸ್ವಂತ ಕ್ಷೇತ್ರಕ್ಕೆ ಮೊದಲು ಎನ್ನುವ ನಮ್ಮ ರಾಜಕಾರಣದ ರೂಢಿ ಇಲ್ಲಿ ನಡೆಯಲಿಲ್ಲ. ಹಿಂದುಳಿದ ಪ್ರದೇಶಕ್ಕೆ ಮೊದಲು ಕೊಟ್ಟದ್ದು ನ್ಯಾಯವೇ.

ಆ ಕಾಯುವಿಕೆಯ ಬೆಲೆ ಎಷ್ಟೆಂಬುದು ಅಂಕಿಗಳಲ್ಲಿದೆ. ಯೋಜನೆಯಿದ್ದ 300 ಹಳ್ಳಿಗಳನ್ನೂ ಇಲ್ಲದಿದ್ದ ನೆರೆಯ 272 ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಚಿಕಿತ್ಸೆ ಸಿಗಬಹುದಾದ ಕಾಯಿಲೆಗಳಿಂದ ಆದ ಸಾವಿನ ಪ್ರಮಾಣ ಬಿಪಿಎಲ್ ಕುಟುಂಬಗಳಲ್ಲಿ ಆಚೆ ಶೇ. 0.32, ಈಚೆ ಶೇ. 0.90. ವಿಮೆಯಿಂದ ಖರ್ಚು ಉಳಿಯುತ್ತದೆ ಎನ್ನುವವರು ಬಹಳ, ಜೀವ ಉಳಿಯುತ್ತದೆಂದು ಇಷ್ಟು ದೊಡ್ಡ ಪ್ರಮಾಣದಲ್ಲಿ ತೋರಿಸಿದ ಅಧ್ಯಯನಗಳು ಕಡಿಮೆ.

2012ರ ಆಗಸ್ಟ್ ನಂತರ ಯೋಜನೆ ದಕ್ಷಿಣಕ್ಕೂ ಹಬ್ಬಿ ಆ ಗೆರೆ ಅಳಿಯಿತು. 2018ರ ಮಾರ್ಚಿನಲ್ಲಿ ಹಲವು ಯೋಜನೆಗಳನ್ನು ಕೂಡಿಸಿ ಆರೋಗ್ಯ ಕರ್ನಾಟಕ ಮಾಡಿದರು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಬಂದು ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ; ಎಪಿಎಲ್‌ನವರಿಗೆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು. ಆರೋಗ್ಯ ಕರ್ನಾಟಕದಲ್ಲಿ ಕರಗಿಹೋಗಿದ್ದ ಯಶಸ್ವಿನಿಗೆ 2022ರಲ್ಲಿ ಮತ್ತೆ ಜೀವ ಕೊಟ್ಟರು.

ದೊಡ್ಡ ಆಪರೇಷನ್ನಿಗೆ ಈಗ ಹಣವಿದೆ. ಜ್ವರಕ್ಕೆ, ಸಕ್ಕರೆ ಕಾಯಿಲೆಯ ದಿನದ ಮಾತ್ರೆಗೆ ಜನ ಖಾಸಗಿ ಕ್ಲಿನಿಕ್ಕಿನಲ್ಲಿ ಕೈಯಿಂದಲೇ ಕೊಡುತ್ತಾರೆ. ಹೊರರೋಗಿಯ ಆ ಖರ್ಚು ಕಾರ್ಡಿಗೆ ಸೇರುವುದಿಲ್ಲ. ರೋಗ ತಡೆಯುವ ಕೆಲಸಕ್ಕೂ ಕಾರ್ಡು ಒದಗುವುದಿಲ್ಲ: ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು 2022ರಲ್ಲಿ ಕೈಬಿಟ್ಟಾಗ ಕಾರ್ಡಿನಿಂದ ಏನೂ ಆಗಲಿಲ್ಲ.

ಓದುಗರು ಒಂದನ್ನು ನೆನಪಿಡಬೇಕು: ತುರ್ತು ಸಂದರ್ಭ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಗೆ ಹೋದವರ ಬಿಲ್ಲನ್ನು ಸರ್ಕಾರ ಕಟ್ಟುವುದಿಲ್ಲ. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ತಾಲ್ಲೂಕು ಆಸ್ಪತ್ರೆಗೇ ಹೋಗಿ.