ನುಡಿಸಿದವನಿಗೂ ಕೇಳಬೇಕು



ಸಂಗೀತ ಸಭೆಯೆಂದರೆ ನುಡಿಸುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ ಎಂದು ನಾವು ತಿಳಿದಿರುತ್ತೇವೆ. ಆದರೆ ಎಲ್ಲರಿಗಿಂತ ಮೊದಲು ಕೇಳಿಸಿಕೊಳ್ಳಬೇಕಾದ ಶ್ರೋತೃ ನುಡಿಸುವವನೇ. ತನ್ನ ಸ್ವರ ತನಗೇ ಕೇಳದಿದ್ದರೆ ಶ್ರುತಿ ತಪ್ಪುತ್ತದೆ, ಲಯ ಜಾರುತ್ತದೆ. ಈ ತೊಂದರೆ ಎಲ್ಲ ವಾದ್ಯಗಾರರಿಗೂ ಉಂಟು. ಮಂದ್ರಸ್ವರ ನುಡಿಸುವವರಿಗೆ ಒಂದು ಕೈ ಹೆಚ್ಚು. ಇಂದು ಬೇಸ್ ಗಿಟಾರ್ ವಾದಕರು ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಪುಟ್ಟ ಮಾನಿಟರ್ ಈ ಹಳೆಯ ತೊಂದರೆಗೆ ದೊರೆತ ಹೊಸ ಪರಿಹಾರ. ಅದನ್ನು ಆರಿಸುವುದು ಹೇಗೆಂದು ತಿಳಿಯಬೇಕಾದರೆ, ಅದು ನಡೆದು ಬಂದ ದಾರಿಯನ್ನು ಮೊದಲು ನೋಡಬೇಕು. ಆ ದಾರಿಯನ್ನು ನಾವು ಬೋರನಕಣಿವೆಯಿಂದಲೇ ಹಿಡಿಯೋಣ.

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಸುವರ್ಣಮುಖಿ ಹೊಳೆಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯವೇ ಬೋರನಕಣಿವೆ. ಒಂದು ಕಡೆ ತೆಂಗಿನ ತೋಟಗಳು, ಇನ್ನೊಂದು ಕಡೆ ಶಿರಾ, ಹಿರಿಯೂರುಗಳತ್ತ ಚಾಚಿದ ಒಣ ಬಯಲು. ಈ ಬಯಲಿನ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಾವ್ಯವನ್ನು ಗಣೆಯ ದನಿಯೊಂದಿಗೆ ಹಾಡುತ್ತಾರೆ. ಗಣೆಯೆಂದರೆ ಉದ್ದನೆಯ ಬಿದಿರಿನ ಕೊಳಲು. ಕೊಳವೆ ಉದ್ದವಾದಷ್ಟೂ ಅದರೊಳಗಿನ ಗಾಳಿ ನಿಧಾನವಾಗಿ ಕಂಪಿಸುತ್ತದೆ, ಸ್ವರ ತಗ್ಗುತ್ತದೆ. ಆದ್ದರಿಂದ ಸಾಮಾನ್ಯ ಕೊಳಲಿಗಿಂತ ಗಣೆಯ ದನಿ ಗಂಭೀರ. ಅದನ್ನು ಊದುವವನಿಗೆ ತನ್ನ ಸ್ವರ ಕೇಳಿಸಲು ಯಾವ ಉಪಕರಣವೂ ಬೇಕಿಲ್ಲ. ವಾದ್ಯ ತುಟಿಗೇ ತಾಗಿದೆ, ಅದರ ದನಿಯನ್ನು ಮುಚ್ಚಿಹಾಕುವ ಬೇರೆ ಗದ್ದಲ ಸುತ್ತ ಇಲ್ಲ.

ಮೇಳ ದೊಡ್ಡದಾದಾಗ ಪ್ರಶ್ನೆ ಎದುರಾಯಿತು. ಇದೇ ಸೀಮೆಯ ಮೂಡಲಪಾಯ ಬಯಲಾಟವನ್ನು ನೋಡಿ. ವೇಷಧಾರಿ ಕುಣಿಯುತ್ತಾನೆ, ಗೆಜ್ಜೆ ಮೊರೆಯುತ್ತದೆ. ಭಾಗವತ, ಮದ್ದಲೆ, ಮುಖವೀಣೆ, ತಾಳ ಎಲ್ಲವೂ ಅವನ ಬೆನ್ನ ಹಿಂದೆ. ಹಿಮ್ಮೇಳ ಎಂಬ ಹೆಸರಿನಲ್ಲಿಯೇ ಉತ್ತರವಿದೆ: ಪದ ಮೊದಲು ಕುಣಿಯುವವನ ಕಿವಿಗೆ ಬೀಳುತ್ತದೆ, ಆಮೇಲೆ ಸಭೆಗೆ. ಕಂಪನಿ ನಾಟಕಗಳು ಇದನ್ನು ತಿರುವಿ ಹಾಕಿದವು. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನಾದ್ಯಂತ ಹೆಸರಾಯಿತು. ಅಂಥ ನಾಟಕಗಳಲ್ಲಿ ಹಾರ್ಮೋನಿಯಂ ಮತ್ತು ತಬಲ ರಂಗದ ಮುಂಭಾಗಕ್ಕೆ ಬಂದವು. ಇಂದಿಗೂ ತಿಪಟೂರು, ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವಾದರೆ ಹಾರ್ಮೋನಿಯಂ ಮೇಷ್ಟ್ರು ಪಾತ್ರಧಾರಿಗಳಿಗೆ ಎದುರಾಗಿ ಕುಳಿತು ಶ್ರುತಿ ಕೊಡುವುದನ್ನು ನೀವು ಕಾಣಬಹುದು. ಹಿಂದಾಗಲಿ ಮುಂದಾಗಲಿ, ತತ್ತ್ವ ಒಂದೇ: ಆಧಾರದ ದನಿ ಕಲಾವಿದನಿಗೆ ಹತ್ತಿರವಿರಬೇಕು.

ಇನ್ನು ಮಂದ್ರಸ್ವರದ ಗುಟ್ಟೇನು? ಮೃದಂಗ ನುಡಿಸುವವರು ಎಡ ಮುಖಕ್ಕೆ ರವೆಯ ಮುದ್ದೆ ಮೆತ್ತುತ್ತಾರೆ. ತೂಕ ಏರಿದ ಚರ್ಮ ನಿಧಾನವಾಗಿ ಕಂಪಿಸಿ ತಗ್ಗಿನ ನಾದ ಕೊಡುತ್ತದೆ. ಬಲ ಮುಖದ ಕಪ್ಪು ಕರಣೆಯ ಕೆಲಸವನ್ನು ಸರ್ ಸಿ. ವಿ. ರಾಮನ್ ಅವರು ವಿವರಿಸಿದರು. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವಿಷಯ ಪ್ರಕಟಿಸಿದ್ದ ಅವರು 1934ರಲ್ಲಿ, ಬೆಂಗಳೂರಿನಲ್ಲಿದ್ದಾಗ, ಭಾರತೀಯ ಚರ್ಮವಾದ್ಯಗಳ ಮೇಲೆ ವಿಸ್ತಾರವಾದ ಲೇಖನ ಬರೆದರು. ಸಾಮಾನ್ಯ ಡೋಲಿನ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರದಿಂದ ಮೃದಂಗದ ಉಪಸ್ವರಗಳು ಎರಡರಷ್ಟು, ಮೂರರಷ್ಟು ಎಂಬ ಸರಳ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದಲೇ ಅದು ಬರಿಯ ಸದ್ದಾಗದೆ ಸ್ವರವಾಗುತ್ತದೆ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಸ್ವರವನ್ನು ನಾವು ಗುರುತಿಸುವುದು ಮೂಲ ಕಂಪನದಿಂದ ಮಾತ್ರವಲ್ಲ, ಅದರ ಉಪಸ್ವರಗಳಿಂದ ಕೂಡ. ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 41. ಆ 41 ತೀರ ಕ್ಷೀಣವಾಗಿದ್ದರೂ 82, 123 ಎಂಬ ಉಪಸ್ವರಗಳು ಸ್ಪಷ್ಟವಾಗಿದ್ದರೆ ನಮ್ಮ ಮಿದುಳು ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ.

ಈ ಬೇಸ್ ಗಿಟಾರ್ ಹಳೆಯ ವಾದ್ಯವೇನಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಿಂದ ಅದು ಎಲ್ಲೆಡೆ ಹರಡಿತು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದವನಿಗೆ ಹೆಗಲಿಗೆ ತೂಗುಹಾಕಿಕೊಳ್ಳುವ ವಾದ್ಯ ಸಿಕ್ಕಿತು. ಆದರೆ ಅದರ ದನಿ ಈಗ ಮರದ ಹೊಟ್ಟೆಯಿಂದ ಬರುತ್ತಿರಲಿಲ್ಲ, ವಿದ್ಯುತ್ ಪೆಟ್ಟಿಗೆಯಿಂದ ಬರುತ್ತಿತ್ತು. ವಾದ್ಯ ಎದೆಗೊರಗಿದ್ದರೂ ದನಿ ದೂರ ಹೋಯಿತು. 41 ಕಂಪನದ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಅಂಥ ಅಲೆ ಎಲ್ಲ ದಿಕ್ಕಿಗೂ ಹರಡುತ್ತದೆ, ಗೋಡೆಗೆ ಬಡಿದು ಮರಳಿ ಕಲಸಿಹೋಗುತ್ತದೆ. ರಂಗದ ಮೇಲೆ ನಿಂತವನಿಗೆ ‘ಗುಂ’ ಎಂಬುದಷ್ಟೇ ಕೇಳುತ್ತದೆ. ಯಾವ ಸ್ವರವೆಂಬುದು ತಿಳಿಯುವುದಿಲ್ಲ.

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ 55 ಸಾವಿರಕ್ಕೂ ಹೆಚ್ಚು ಜನರ ಮುಂದೆ ನುಡಿಸಿತು. ಅವರ ಬಳಿ ಇದ್ದುದು 100 ವ್ಯಾಟಿನ ಆಂಪ್ಲಿಫೈಯರುಗಳು. ಕಲಾವಿದರ ಕಡೆಗೆ ತಿರುಗಿಸಿದ ಧ್ವನಿವರ್ಧಕಗಳೇ ಇರಲಿಲ್ಲ. ಅಭಿಮಾನಿಗಳ ಕಿರುಚಾಟದಲ್ಲಿ ಬೇಸ್ ನುಡಿಸುತ್ತಿದ್ದ ಪಾಲ್ ಮೆಕಾರ್ಟ್ನಿಗಾಗಲಿ ಉಳಿದವರಿಗಾಗಲಿ ತಮ್ಮ ಸಂಗೀತ ಸರಿಯಾಗಿ ಕೇಳಲಿಲ್ಲ. ನಮ್ಮ ಬಯಲಾಟದವರು ಹಿಮ್ಮೇಳದಿಂದ ಬಗೆಹರಿಸಿದ್ದ ಸಮಸ್ಯೆ ವಿದ್ಯುತ್ತಿನ ಕಾಲದಲ್ಲಿ ಮತ್ತೆ ತಲೆಯೆತ್ತಿತ್ತು.

1970ರ ದಶಕದ ಹೊತ್ತಿಗೆ ಕಲಾವಿದನ ಕಾಲ ಬಳಿ ಓರೆಯಾಗಿಟ್ಟ, ಅವನ ಮುಖಕ್ಕೆ ತಿರುಗಿದ ಮಾನಿಟರ್ ಪೆಟ್ಟಿಗೆ ಸಾಮಾನ್ಯವಾಯಿತು. ಅನುಕೂಲವೇನೋ ಆಯಿತು, ಜೊತೆಗೆ ಪೈಪೋಟಿಯೂ ಹುಟ್ಟಿತು. ಡ್ರಮ್ಮಿನವನು ತನ್ನದನ್ನು ಏರಿಸಿದರೆ ಗಿಟಾರಿನವನು ತನ್ನದನ್ನು ಏರಿಸುವನು, ಅದನ್ನು ಕಂಡು ಬೇಸ್‌ನವನು ಇನ್ನೂ ಏರಿಸುವನು. ಪೆಟ್ಟಿಗೆಯ ದನಿ ಮೈಕಿಗೆ ಮರಳಿ ಹೊಕ್ಕು ‘ಕುಂಯ್’ ಎಂದು ಕೂಗುವುದನ್ನು ನೀವೂ ಕೇಳಿದ್ದೀರಿ. ಸಂಜೆ ಮುಗಿದಾಗ ಎಲ್ಲರ ಕಿವಿಯಲ್ಲೂ ಗುಂಯ್‌ಗುಡುವಿಕೆ.

ದನಿಯನ್ನು ಕಿವಿಯೊಳಗೇ ಇಡಬಾರದೇಕೆ ಎಂಬ ಯೋಚನೆ ಇಲ್ಲಿಂದ ಬೆಳೆಯಿತು. ಟೆಲಿವಿಷನ್ ಸ್ಟುಡಿಯೋಗಳಲ್ಲಿ ನಾವು ನಿರೂಪಕರ ಒಂದು ಕಿವಿಗೆ ಸಣ್ಣ ಇಯರ್‌ಫೋನ್ ಸಿಕ್ಕಿಸಿ ಸೂಚನೆ ಕೊಡುತ್ತೇವೆ. ಮಾತಿಗೆ ಅಷ್ಟು ಸಾಕು, ಸಂಗೀತಕ್ಕೆ ಸಾಲದು. 1980ರ ದಶಕದಿಂದ ಹಲವರು ಸಂಗೀತಕ್ಕೆ ಒಗ್ಗುವ ಕಿವಿ ಮಾನಿಟರುಗಳನ್ನು ಪ್ರಯತ್ನಿಸಿದರು. 1995ರಲ್ಲಿ ಧ್ವನಿತಂತ್ರಜ್ಞ ಜೆರ್ರಿ ಹಾರ್ವಿ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್ ಅವರಿಗಾಗಿ ಮಾಡಿಕೊಟ್ಟ ಜೋಡಿ ಪ್ರಸಿದ್ಧವಾಯಿತು. ಅದರಲ್ಲಿ ತಗ್ಗಿನ ಸ್ವರಕ್ಕೊಂದು, ಮೇಲಿನ ಸ್ವರಕ್ಕೊಂದು ಪುಟ್ಟ ಧ್ವನಿಜನಕಗಳಿದ್ದವು. ಇವು ಕಿವುಡರ ಶ್ರವಣಸಾಧನಗಳಲ್ಲಿ ಬಳಸುವ ಬಗೆಯವು ಎಂಬುದು ಗಮನಾರ್ಹ.

ಕಡಲೆಬೀಜದಷ್ಟು ದೊಡ್ಡ ವಸ್ತು 8 ಮೀಟರಿನ ಅಲೆಯನ್ನು ಹೇಗೆ ಕೊಟ್ಟೀತು? ಸೂಜಿಯಿಲ್ಲದ ಸಿರಿಂಜ್ ಒಂದನ್ನು ತೆಗೆದುಕೊಳ್ಳಿ. ಬಾಯಿ ತೆರೆದಿಟ್ಟು ಒತ್ತಿದರೆ ಗಾಳಿ ಸುಮ್ಮನೆ ಹೊರಟುಹೋಗುತ್ತದೆ. ಬೆರಳಿನಿಂದ ಬಾಯಿ ಮುಚ್ಚಿ ಒತ್ತಿ. ಸ್ವಲ್ಪ ಒತ್ತಿದರೂ ಒಳಗೆ ಒತ್ತಡ ಏರುತ್ತದೆ. ಮುಚ್ಚಿದ ಕಿವಿಯ ನಾಳವೂ ಹೀಗೆಯೇ. ಅಲ್ಲಿರುವುದು ಒಂದೆರಡು ಘನ ಸೆಂಟಿಮೀಟರ್ ಗಾಳಿ. ಅದರ ಒತ್ತಡ ಸೆಕೆಂಡಿಗೆ 41 ಸಲ ಏರಿಳಿದರೆ ಸಾಕು, ಕಿವಿದಮಟೆಗೆ ಆ ಮಂದ್ರಸ್ವರ ಕೇಳುತ್ತದೆ. ಆದರೆ ಕೂದಲೆಳೆಯಷ್ಟು ಸಂದು ಇದ್ದರೂ ಮೊದಲು ಸೋರಿಹೋಗುವುದು ಈ ಮಂದ್ರವೇ.

ಇಂದು ಈ ವಿಷಯ ನಮಗೆ ದೂರದ್ದಲ್ಲ. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳಿಗೆ ಬೇಸ್ ಗಿಟಾರ್ ಆಧಾರವಾಯಿತು. ಜಾತ್ರೆ, ಗಣೇಶೋತ್ಸವ, ಕಾಲೇಜು ವಾರ್ಷಿಕೋತ್ಸವಗಳ ಆರ್ಕೆಸ್ಟ್ರಾಗಳಲ್ಲಿ ನಿಮ್ಮ ವಯಸ್ಸಿನವರೇ ಅದನ್ನು ನುಡಿಸುತ್ತಾರೆ. ಮಾನಿಟರುಗಳ ಬೆಲೆ ಒಂದೆರಡು ಸಾವಿರದಿಂದ ಲಕ್ಷದವರೆಗೂ ಇದೆ. ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: “ಇದರಲ್ಲಿ ಬೇಸ್ ಎಷ್ಟಿದೆ?” ಇತಿಹಾಸ ಕಲಿಸುವ ಪ್ರಶ್ನೆಗಳು ಬೇರೆ.

ಮೊದಲನೆಯದು, ಕಿವಿಗೆ ಕೂಡುತ್ತದೆಯೆ? ಮಂದ್ರಸ್ವರವೊಂದನ್ನು ನುಡಿಸುತ್ತ ಮಾನಿಟರನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಬೇಸ್ ಏರಿದರೆ ಸಂದು ಇದೆಯೆಂದೇ ಅರ್ಥ. ತುದಿಯ ರಬ್ಬರ್ ಅಥವಾ ಸ್ಪಂಜಿನ ಅಳತೆ ಬದಲಿಸಿ. ಎಡ ಬಲ ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾಗಬಹುದು. ಬಾಯಿ ತೆರೆದು, ತಲೆಯಾಡಿಸಿಯೂ ಪರೀಕ್ಷಿಸಿ. ಎರಡನೆಯದು, ಅಕ್ಕಪಕ್ಕದ ಸ್ವರಗಳು ಬೇರೆಬೇರೆಯಾಗಿ ಕೇಳುತ್ತವೆಯೆ? ಎಲ್ಲವೂ ಒಂದೇ ‘ಗುಂ’ ಆದರೆ ಅದು ಎಷ್ಟೇ ದಪ್ಪವಾಗಿದ್ದರೂ ಪ್ರಯೋಜನವಿಲ್ಲ. ರಾಮನ್ ಅವರ ಮೃದಂಗ ಹೇಳುವುದೂ ಇದನ್ನೇ: ಸ್ವರದ ಗುರುತು ಉಪಸ್ವರಗಳಲ್ಲಿದೆ. ಮೂರನೆಯದು, ಹೊರಗಿನ ಗದ್ದಲವನ್ನು ಎಷ್ಟು ತಡೆಯುತ್ತದೆ? ಚೆನ್ನಾಗಿ ಕೂತದ್ದು 20 ಡೆಸಿಬಲ್ ಅಥವಾ ಹೆಚ್ಚು ತಡೆಯಬಲ್ಲದು. ಇನ್ನು ತಂತಿಯೋ ರೇಡಿಯೋವೋ ಎಂಬ ಮಾತು. ಒಂದೇ ಕಡೆ ನಿಂತು ನುಡಿಸುವವನಿಗೆ ತಂತಿಯೇ ಅಗ್ಗ, ಅದೇ ನಂಬಿಕಸ್ತ.

ಹೊರಗಿನ ಗದ್ದಲ ತಡೆಯುವ ಗುಣವೇ ಎಲ್ಲಕ್ಕಿಂತ ಮುಖ್ಯ. ಏಕೆಂದರೆ ಅದಿದ್ದರೆ ದನಿಯನ್ನು ತಗ್ಗಿಸಬಹುದು. 85 ಡೆಸಿಬಲ್ ಮಟ್ಟದ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂಬುದು ಅಮೆರಿಕದ ಉದ್ಯೋಗ ಆರೋಗ್ಯ ತಜ್ಞರ ಸಲಹೆ. ಪ್ರತಿ 3 ಡೆಸಿಬಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. ಲೆಕ್ಕ ಹಾಕಿ: 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ಒಳಗಿವಿಯ ರೋಮಕೋಶಗಳು ಒಂದೊಂದು ಕಿವಿಯಲ್ಲಿ ಸುಮಾರು 15 ಸಾವಿರ; ಸತ್ತವು ಮತ್ತೆ ಹುಟ್ಟುವುದಿಲ್ಲ. ಕಿವಿಯೊಳಗಿನ ಮಾನಿಟರ್ ತಾನಾಗಿ ಕಿವಿಯನ್ನು ಕಾಯದು. ಅದರಲ್ಲೂ ಜೋರಾಗಿ ಕೇಳಿದರೆ ಹಾನಿ ಹಾಗೆಯೇ ಉಂಟು.

ಇನ್ನೊಂದು ಅಪಾಯವಿದೆ. ಎರಡೂ ಕಿವಿ ಮುಚ್ಚಿದರೆ ಸಭಿಕರ ಚಪ್ಪಾಳೆ ಕೇಳುವುದಿಲ್ಲವೆಂದು ಕೆಲವರು ಒಂದನ್ನು ಕಿತ್ತುಬಿಡುತ್ತಾರೆ. ಆಗ ತೆರೆದ ಕಿವಿಗೆ ರಂಗದ ಗದ್ದಲ. ಮುಚ್ಚಿದ ಕಿವಿಗೆ, ಒಂದೇ ಕಿವಿಯಲ್ಲಿ ಸಾಲದೆಂದು ಏರಿಸಿದ ದನಿ. ಎರಡಕ್ಕೂ ಪೆಟ್ಟು. ಸಭೆಯ ಸದ್ದು ಬೇಕಾದರೆ ಅದಕ್ಕೊಂದು ಮೈಕಿಟ್ಟು ಅದನ್ನೂ ಸ್ವಲ್ಪ ಬೆರೆಸಿಕೊಳ್ಳುವುದು ಸರಿಯಾದ ಕ್ರಮ. ಕಾರ್ಯಕ್ರಮದ ಮರುದಿನವೂ ಕಿವಿ ಗುಂಯ್‌ಗುಟ್ಟುತ್ತಿದ್ದರೆ ತಡಮಾಡದೆ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ.

ಗಣೆಯವನ ಮಂದ್ರಕ್ಕೆ ಬಯಲಿನ ಮೌನ ಒತ್ತಾಸೆಯಾಗಿತ್ತು. ಇಂದಿನ ರಂಗದಲ್ಲಿ ಆ ಮೌನವಿಲ್ಲ. ಅದನ್ನು ಕಿವಿಯೊಳಗೆ ನಾವೇ ಮಾಡಿಕೊಳ್ಳಬೇಕಾಗಿದೆ. ಆದ್ದರಿಂದ ಅಂಗಡಿಯ ಮುಂದೆ ನಿಂತಾಗ, ಇದು ಎಷ್ಟು ಜೋರಾಗಿ ಕೇಳಿಸುತ್ತದೆ ಎಂದು ಕೇಳಬೇಡಿ. ಎಷ್ಟು ಮೆಲ್ಲಗೆ ಇಟ್ಟರೂ ನನ್ನ ಸ್ವರ ನನಗೆ ತಿಳಿಯುತ್ತದೆಯೆ ಎಂದು ಕೇಳಿ. ನಲವತ್ತು ವರ್ಷ ನುಡಿಸಬೇಕೆಂದಿರುವವರು ಆರಿಸಬೇಕಾದದ್ದು ಅದನ್ನೇ.