ದಿನಗಳ ಲೆಕ್ಕ: ತ್ವರಿತ ವಿಚಾರಣೆಯ ಹಕ್ಕು ನಡೆದುಬಂದ ದಾರಿ

ಆರೋಪಿಯ ವಿಚಾರಣೆ ತಡವಿಲ್ಲದೆ ನಡೆಯಬೇಕೆಂಬ ಮಾತು ಭಾರತದ ಸಂವಿಧಾನದಲ್ಲಿ ಎಲ್ಲಿಯೂ ನೇರವಾಗಿ ಬಂದಿಲ್ಲ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಆರನೆಯ ತಿದ್ದುಪಡಿ ಈ ಹಕ್ಕನ್ನು ಹೆಸರಿಸಿಯೇ ಹೇಳಿದೆ. ಭಾರತದಲ್ಲಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೆಯ ವಿಧಿಯಲ್ಲಿಯೇ ಅದು ಅಡಗಿದೆಯೆಂದು ಸುಪ್ರೀಂ ಕೋರ್ಟ್ 1979ರಲ್ಲಿ ಸಾರಿದ್ದು ಬಿಹಾರದ ಜೈಲುಗಳ ದೆಸೆಯಿಂದ.

ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ.ಎಫ್. ರುಸ್ತುಂಜಿ ಆ ಜೈಲುಗಳ ಸ್ಥಿತಿಯನ್ನು ಕಂಡು ಬರೆದದ್ದು ಆ ವರ್ಷದ ಜನವರಿಯಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನೇ ಆಧಾರವಾಗಿಟ್ಟುಕೊಂಡು ವಕೀಲೆ ಕಪಿಲಾ ಹಿಂಗೋರಾನಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನದಲ್ಲಿರುವವರನ್ನು ನ್ಯಾಯಾಲಯದ ಮುಂದೆ ತರಬೇಕೆಂಬ ಅರ್ಜಿ, ಸಲ್ಲಿಸಿದರು. ಹುಸೇನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠವು ಬಿಹಾರ ಸರ್ಕಾರದಿಂದ ವಿಚಾರಣಾಧೀನ ಕೈದಿಗಳ, ಎಂದರೆ ಅಪರಾಧ ಇನ್ನೂ ಸಾಬೀತಾಗದೆ ಒಳಗಿರುವವರ, ವರ್ಷವಾರು ಪಟ್ಟಿಯನ್ನು ಕೇಳಿತು. ಹೊರಿಸಿದ ಅಪರಾಧಕ್ಕೆ ಕಾನೂನು ಕೊಡಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ಸೆರೆಯಲ್ಲಿ ಕಳೆದಿದ್ದವರು ಅದರಲ್ಲಿದ್ದರು. ಜಾಮೀನಿಗೆ ಹಣವಿಲ್ಲದ ಬಡವರಿದ್ದರು. ಯಾವ ಆರೋಪವೂ ಇಲ್ಲದೆ, ಸಾಕ್ಷಿ ನುಡಿಯಬೇಕಾದವರು ಅಥವಾ ಅಪರಾಧಕ್ಕೆ ತುತ್ತಾದವರು ಎಂಬ ಕಾರಣಕ್ಕೇ ‘ರಕ್ಷಣೆ’ಯ ಹೆಸರಿನಲ್ಲಿ ಕೂಡಿಹಾಕಲ್ಪಟ್ಟ ಹೆಂಗಸರೂ ಇದ್ದರು. ಶಿಕ್ಷೆಯ ಅವಧಿಯನ್ನೂ ಸೆರೆಯ ಅವಧಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಆ ಸರಳ ಲೆಕ್ಕವೇ, ತೀರ್ಪಿನ ಘನವಾದ ತತ್ತ್ವಕ್ಕಿಂತ ಮೊದಲು, ಜೈಲಿನ ಬಾಗಿಲನ್ನು ತೆರೆಸಿತು.

ಹಕ್ಕನ್ನು ಒಪ್ಪಿದ ನ್ಯಾಯಾಲಯ ಅದಕ್ಕೆ ಅಳತೆ ಕೊಡಲು ಮಾತ್ರ ಹಿಂಜರಿಯಿತು. ಅಂತುಳೆ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ವಿಳಂಬಕ್ಕೆ ಯಾರು ಹೊಣೆ ಎಂಬುದನ್ನು ಆಯಾ ಪ್ರಕರಣದಲ್ಲಿಯೇ ತೂಗಿ ನೋಡಬೇಕಾದ್ದರಿಂದ ಎಲ್ಲಕ್ಕೂ ಒಂದೇ ಗಡುವು ಸಲ್ಲದೆಂದು 1991ರಲ್ಲಿ ಹೇಳಿತು. ಬಳಿಕ 1996 ಮತ್ತು 1998ರಲ್ಲಿ ಚಿಕ್ಕ ಪೀಠಗಳು ಗಡುವುಗಳನ್ನು ವಿಧಿಸಿದವು. ಅವುಗಳ ಪರೀಕ್ಷೆಗೆ ಕಾರಣವಾದವುಗಳಲ್ಲಿ ಮಂಗಳೂರಿನ ಒಂದು ಮೊಕದ್ದಮೆಯೂ ಸೇರಿತ್ತು: 1994ರಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದ್ದರೂ 1999ರವರೆಗೆ ವಿಚಾರಣೆ ಆರಂಭವಾಗದ ಕಾರಣ ವಿಶೇಷ ನ್ಯಾಯಾಲಯವು ಆರೋಪಿಯನ್ನು ಖುಲಾಸೆಗೊಳಿಸಿತು, ಹೈಕೋರ್ಟ್ ಅದನ್ನು ರದ್ದುಪಡಿಸಿತು. ಗಡುವು ಗೊತ್ತುಮಾಡುವುದು ಶಾಸನ ರಚಿಸಿದಂತೆ, ಅದು ನ್ಯಾಯಾಲಯದ ಕೆಲಸವಲ್ಲವೆಂದು 2002ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ತರ್ಕದಲ್ಲಿ ಈ ನಿಲುವು ಗಟ್ಟಿಯಾದದ್ದೇ; ಆದರೆ ಐದು ವರ್ಷ ವಿಚಾರಣೆಯೇ ತೊಡಗದಿದ್ದುದಕ್ಕೆ ಅದರಲ್ಲಿ ಪರಿಹಾರವಿರಲಿಲ್ಲ.

ಅಳತೆಯನ್ನು ಕಡೆಗೆ ಕೊಟ್ಟದ್ದು ಸಂಸತ್ತು, ಅದೂ ಸೆರೆಯಲ್ಲಿರುವವರಿಗೆ ಮಾತ್ರ. 2006ರಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯ 436ಎ ಕಲಮು, ಮರಣದಂಡನೆಗೆ ಗುರಿಯಾಗಬಹುದಾದ ಅಪರಾಧಗಳನ್ನು ಬಿಟ್ಟು, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವರನ್ನು ಸಾಮಾನ್ಯವಾಗಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಹಿಂದೆ ಯಾವ ಅಪರಾಧದಲ್ಲಿಯೂ ದೋಷಿಯೆಂದು ತೀರ್ಮಾನವಾಗದವರ ಮಟ್ಟಿಗೆ ಅದನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ, ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವ ಹೊಣೆಯನ್ನು ಜೈಲಿನ ಅಧೀಕ್ಷಕರ ಮೇಲೆಯೇ ಹೊರಿಸಿದೆ. ಜಾಮೀನಿನ ಮೇಲೆ ಹೊರಗಿದ್ದು ವಾಯಿದೆಯಿಂದ ವಾಯಿದೆಗೆ ಕೋರ್ಟಿಗೆ ಅಲೆಯುವ ಆರೋಪಿಗೂ, ಅವನೆದುರು ನ್ಯಾಯಕ್ಕಾಗಿ ಕಾದಿರುವ ಫಿರ್ಯಾದಿಗೂ 2002ರ ತೀರ್ಪೇ ಇಂದಿಗೂ ಅನ್ವಯಿಸುತ್ತದೆ.