ತೌರಿನವರಿಲ್ಲದೆ ಬಂದ ಮರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಾಡಿನಲ್ಲಿ ಓಡಾಡಿದವರಿಗೆ ನೀಲಗಿರಿ ತೋಪು ಹೊಸದಲ್ಲ. ರಾಗಿಹೊಲ ಮುಗಿದು ದಿಣ್ಣೆ ಏರುತ್ತಿದ್ದಂತೆ ಸಾಲಾಗಿ ನಿಂತ ಮರಗಳು, ಸುಲಿದ ತೊಗಟೆ, ಕಾಲಿಟ್ಟರೆ ಚರಪರಗುಟ್ಟುವ ಒಣ ಎಲೆ. ಗಾಳಿ ಬೀಸಿದಾಗ ಮಳೆ ಬಂದಂತೆ ಕೇಳಿಸುವ ಸದ್ದು. ಗಾಳಿ ನಿಂತರೆ ಮೌನ. ಆ ಮೌನವನ್ನು ನಾನು ಬಹಳ ಕಾಲ ಗಮನಿಸಿರಲೇ ಇಲ್ಲ. ಗಮನಿಸುವಂತೆ ಮಾಡಿದವನು ಒಬ್ಬ ಕುರಿಗಾಹಿ.

1984ರ ಜುಲೈ ತಿಂಗಳು. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಆಗ ಸಹಶಿಕ್ಷಕ. ಕೆ. ಎಂ. ಮುನ್ಷಿಯವರು ಕೇಂದ್ರ ಮಂತ್ರಿಗಳಾಗಿದ್ದಾಗ 1950ರಲ್ಲಿ ಆರಂಭಿಸಿದ ವನಮಹೋತ್ಸವವು ಶಾಲೆಗಳಲ್ಲಿ ನಾಡಹಬ್ಬದಷ್ಟೇ ನಿಯಮಬದ್ಧವಾಗಿ ನಡೆಯುತ್ತಿದ್ದ ಕಾಲವದು. ಮಕ್ಕಳು ಪ್ಲಾಸ್ಟಿಕ್ ಚೀಲದ ಸಸಿಗಳನ್ನು ಎದೆಗವಚಿಕೊಂಡು ಕೆರೆಯ ಆಚೆಯ ಗೋಮಾಳಕ್ಕೆ ನಡೆದರು. ಸಸಿಗಳೆಲ್ಲವೂ ನೀಲಗಿರಿ. ನಾನು ಗುಣಿಯಿಂದ ಗುಣಿಗೆ ಓಡಾಡುತ್ತಾ ಮಕ್ಕಳಿಗೆ ಪರಿಸರದ ಪಾಠ ಹೇಳುತ್ತಿದ್ದೆ. ಕೋಲೂರಿ ನೋಡುತ್ತಿದ್ದ ಮುದುಕನೊಬ್ಬ ಹತ್ತಿರ ಬಂದು, "ಮೇಷ್ಟ್ರೇ, ಇದನ್ನ ಕುರಿ ಮೇಯಾಕಿಲ್ವಂತೆ, ದಿಟವಾ?" ಎಂದು ಕೇಳಿದ. "ಹೌದಪ್ಪ, ಅದಕ್ಕೇ ಬೇಲಿಯ ಖರ್ಚಿಲ್ಲ" ಎಂದೆ, ಜಂಬದಿಂದಲೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುರಿ ಮೇಯಾಕಿಲ್ಲ, ಹಕ್ಕಿ ತಿನ್ನಾಕಿಲ್ಲ ಅಂದ್ಮೇಲೆ ಇದು ಯಾರ ಮರ ಸ್ವಾಮಿ?" ಎಂದ.

ನನ್ನ ಬಳಿ ಉತ್ತರವಿರಲಿಲ್ಲ. ಮಕ್ಕಳೆದುರು ಸುಮ್ಮನಾಗುವುದು ಹೇಗೆಂದು, ಕಾಗದದ ಕಾರ್ಖಾನೆಯ ಬಗ್ಗೆ ಏನೋ ಹೇಳಿ ಜಾರಿಕೊಂಡೆ. ನಿವೃತ್ತನಾದ ಮೇಲೆ ಬಿಡುವಿನಲ್ಲಿ ಆ ಪ್ರಶ್ನೆಯ ಹಿಂದೆ ಹೋದೆ. ಇದು ಯಾರ ಮರ?

ಉತ್ತರ ಸಮುದ್ರದಾಚೆ ಇತ್ತು. ಕ್ಯಾಪ್ಟನ್ ಕುಕ್ ತನ್ನ ಮೂರನೆಯ ಯಾನದಲ್ಲಿ 1777ರ ಆರಂಭದಲ್ಲಿ ಟಾಸ್ಮೇನಿಯಾದ ಅಡ್ವೆಂಚರ್ ಕೊಲ್ಲಿಯಲ್ಲಿ ತಂಗಿದ್ದಾಗ, ಹಡಗಿನಲ್ಲಿದ್ದ ಡೇವಿಡ್ ನೆಲ್ಸನ್ ಎಂಬಾತ ಒಂದು ಎತ್ತರದ ಮರದ ಕೊಂಬೆಯನ್ನು ಒಣಗಿಸಿ ಲಂಡನ್ನಿಗೆ ತಂದ. ಅದನ್ನು ಪರೀಕ್ಷಿಸಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆರಿಟಿಯೆ 1788ರಲ್ಲಿ ಈ ಕುಲಕ್ಕೆ ಯೂಕಲಿಪ್ಟಸ್ ಎಂದು ಹೆಸರಿಟ್ಟ. ಗ್ರೀಕ್ ಮೂಲದ ಈ ಪದಕ್ಕೆ ಚೆನ್ನಾಗಿ ಮುಚ್ಚಲ್ಪಟ್ಟದ್ದು ಎಂದರ್ಥ. ಅದರ ಮೊಗ್ಗಿಗೆ ಟೋಪಿಯಂತಹ ಮುಚ್ಚಳವಿರುತ್ತದೆ. ಹೆಸರು ಹುಟ್ಟಿದ ಎರಡೇ ವರ್ಷಕ್ಕೆ, ಅಂದರೆ 1790ರ ಸುಮಾರಿಗೆ, ಟಿಪ್ಪು ಸುಲ್ತಾನನು ನಂದಿಬೆಟ್ಟದ ತೋಟಕ್ಕೆ ಇದರ ಹಲವು ಜಾತಿಗಳನ್ನು ತರಿಸಿದನೆಂಬುದು ನಮ್ಮಲ್ಲಿ ನಡೆದುಬಂದ ಮಾತು. ಉದಕಮಂಡಲದ ಕಡೆಗೆ 1843ರಲ್ಲಿ ಬಂತು. ಅಲ್ಲಿನ ದೊರೆಗಳಿಗೆ ಚಳಿಗೆ ಸೌದೆ ಬೇಕಾಗಿತ್ತು. ಆ ಬೆಟ್ಟಸಾಲಿನ ಹೆಸರೇ ಕನ್ನಡದಲ್ಲಿ ಮರದ ಹೆಸರಾಗಿ ನಿಂತಿತು. ಪರದೇಶದ ಮರವೊಂದಕ್ಕೆ ಇಷ್ಟು ಸಂಪೂರ್ಣವಾಗಿ ನಮ್ಮದೇ ಹೆಸರು ದಕ್ಕಿದ್ದು ಅಪರೂಪ. ಅದು ಹೊರಗಿನದೆಂಬುದನ್ನು ಮರೆಯಲು ಹೆಸರೂ ಒಂದು ಕಾರಣವಾಯಿತೇನೋ.

ನಮ್ಮ ಬಯಲುಸೀಮೆಯಲ್ಲಿ 1950ರ ದಶಕದಿಂದ ದೊಡ್ಡ ಪ್ರಮಾಣದಲ್ಲಿ ಹರಡಿದ್ದು ಊಟಿಯ ಮರವಲ್ಲ. ನಂದಿಬೆಟ್ಟದ ಮರಗಳ ಬೀಜದಿಂದ ಬಂದು 'ಮೈಸೂರು ಗಮ್', 'ಮೈಸೂರು ಹೈಬ್ರಿಡ್' ಎಂದು ಕರೆಸಿಕೊಂಡ ತಳಿ. ಅದರಲ್ಲಿ ಹೆಚ್ಚಿನ ಪಾಲು ಟೆರಿಟಿಕಾರ್ನಿಸ್ ಎಂಬ ಜಾತಿಯದು. ಆಸ್ಟ್ರೇಲಿಯಾದ ಪೂರ್ವ ಕರಾವಳಿಯುದ್ದಕ್ಕೂ, ನ್ಯೂಗಿನಿಯವರೆಗೂ ಅದರ ತೌರು. ಅಲ್ಲಿ ಅದು ಕೋಆಲಾ ಎಂಬ ಪ್ರಾಣಿಯ ಅಚ್ಚುಮೆಚ್ಚಿನ ಮೇವು! ಕುರಿ ಮೂಸದ ಅದೇ ಎಲೆಯನ್ನು ತಿಂದು, ಅದರ ಎಣ್ಣೆಯ ವಿಷವನ್ನು ಪಿತ್ತಜನಕಾಂಗದಲ್ಲಿ ಅರಗಿಸಿ, ಸಾರವಿಲ್ಲದ ಆ ಊಟದ ದೆಸೆಯಿಂದ ದಿನದಲ್ಲಿ ಹದಿನೆಂಟು ಇಪ್ಪತ್ತು ತಾಸು ಕೊಂಬೆಯ ಮೇಲೆ ತೂಕಡಿಸುವ ಜೀವಿ ಅದು. ಮುದುಕನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿತು.

ಟಾಸ್ಮೇನಿಯಾ ಮತ್ತು ವಿಕ್ಟೋರಿಯಾದ ಮಳೆಕಾಡುಗಳಲ್ಲಿ ಇದೇ ಕುಲದ ಇನ್ನೊಂದು ಜಾತಿ ನೂರು ಮೀಟರಿನವರೆಗೂ ಬೆಳೆಯುತ್ತದೆ. ಹೂಬಿಡುವ ಮರಗಳಲ್ಲಿ ಅದಕ್ಕಿಂತ ಎತ್ತರದವು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೂ ಇಲ್ಲ. ಅದರ ಬುಡದಲ್ಲಿ ಆಳೆತ್ತರದ ಮರಜರಿಗಿಡಗಳು, ನಮ್ಮ ಜಾಲಿಯ ಬಳಗದ ಗಿಡಗಳು. ನೆಲದಲ್ಲಿ ತರಗು ಕೆದಕುತ್ತಾ ಕಾಡಿನ ಉಳಿದೆಲ್ಲ ಹಕ್ಕಿಗಳ ದನಿಯನ್ನು ಅಣಕಿಸುವ ಲೈರ್ ಹಕ್ಕಿ. ಮೇಲೆ, ನಮ್ಮ ಮಲೆನಾಡಿನ ಹಾರುಬೆಕ್ಕಿನಂತೆ ಮರದಿಂದ ಮರಕ್ಕೆ ತೇಲುವ ಗ್ಲೈಡರ್. ಅದನ್ನು ಹಿಡಿಯಲು ಕಾಯುವ ದೊಡ್ಡ ಗೂಬೆ. ಲೆಡ್‌ಬೀಟರ್ ಪಾಸಮ್ ಎಂಬ ಅಂಗೈಯಗಲದ ಪ್ರಾಣಿಯೊಂದು ಅಳಿದೇಹೋಯಿತೆಂದು ಎಲ್ಲರೂ ನಂಬಿದ್ದಾಗ, 1961ರಲ್ಲಿ ಇಂಥದೇ ಕಾಡಿನಲ್ಲಿ ಮತ್ತೆ ಕಾಣಿಸಿಕೊಂಡಿತು.

ಇವುಗಳಲ್ಲಿ ಬಹುತೇಕ ಪ್ರಾಣಿಗಳಿಗೆ ವಾಸಕ್ಕೆ ಬೇಕಾದುದು ಎಲೆಯಲ್ಲ, ಪೊಟರೆ. ನೀಲಗಿರಿಯ ಕಾಂಡದಲ್ಲಿ ಒಳ್ಳೆಯ ಪೊಟರೆ ಬೀಳಲು ನೂರು ವರ್ಷಕ್ಕೂ ಹೆಚ್ಚು ಬೇಕು. ನಮ್ಮಲ್ಲಿ ಅದನ್ನು ಏಳೆಂಟು ವರ್ಷಕ್ಕೆ ಕಡಿಯುತ್ತೇವೆ. ಬುಡದಿಂದ ಚಿಗುರಿದ ಕೂಳೆಯನ್ನು ಮತ್ತೆ ಏಳೆಂಟು ವರ್ಷಕ್ಕೆ. ತೌರಿನವರೊಬ್ಬರೂ ಜೊತೆಗಿಲ್ಲದೆ ಬಂದ ಸೊಸೆಯಂತಾಯಿತು ಅದರ ಸ್ಥಿತಿ. ಇಲ್ಲಿಯವರ ಒಡನಾಟ ಬೆಳೆಸಿಕೊಳ್ಳುವಷ್ಟು ವಯಸ್ಸಾಗಲೂ ನಾವು ಅದನ್ನು ಬಿಡಲಿಲ್ಲ.

ಹಾಗಾದರೆ ಅದು ಬಂದು ನಿಂತ ನೆಲದಲ್ಲಿ ಮೊದಲು ಯಾರಿದ್ದರು? ಈ ಪ್ರಶ್ನೆಗೆ ಉತ್ತರ ಕೊಡುವ ದಾಖಲೆಯೊಂದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದೆ, ಅದೂ ಕಲ್ಲಿನ ಮೇಲೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯಲ್ಲಿ ಕ್ರಿ.ಶ. 600ರ ಸುಮಾರಿನ ಸಂಸ್ಕೃತ ಶಾಸನವಿದೆ. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನ ಸಂಪುಟದಲ್ಲಿ ಮೊದಲನೆಯ ಸಂಖ್ಯೆ ಇದರದೇ. ಬರಗಾಲದ ಮುನ್ಸೂಚನೆ ತಿಳಿದು ಉತ್ತರದಿಂದ ಬಂದ ಜೈನ ಸಂಘದ ಕಥೆಯನ್ನೂ ಪ್ರಭಾಚಂದ್ರರ ಸಮಾಧಿಮರಣವನ್ನೂ ಹೇಳುವ ಈ ಶಾಸನವನ್ನು ಇತಿಹಾಸಕಾರರು ಚಂದ್ರಗುಪ್ತ ಮೌರ್ಯನ ಚರ್ಚೆಗಾಗಿ ಎಷ್ಟೋ ಬಾರಿ ಉಲ್ಲೇಖಿಸಿದ್ದಾರೆ. ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ಕಟವಪ್ರವೆಂಬ ಆ ಬೆಟ್ಟವನ್ನು ವರ್ಣಿಸುವಾಗ ಶಾಸನಕವಿ ಮರಗಳಿಂದ ಉದುರಿದ ಹೂವುಗಳ ಬಣ್ಣ, ಮಳೆಮೋಡದಂಥ ಕಪ್ಪು ಬಂಡೆ, ಗುಹೆ ಕಂದರಗಳನ್ನು ಹೇಳಿ, ಅಲ್ಲಿ ತುಂಬಿದ್ದ ಪ್ರಾಣಿಗಳನ್ನು ಹೆಸರಿಸುತ್ತಾನೆ: ಹಂದಿ, ಚಿರತೆ, ಹುಲಿ, ಕರಡಿ, ಕತ್ತೆಕಿರುಬ, ಹಾವು, ಜಿಂಕೆ. ಇದು ಕವಿಸಮಯವೆಂದು ತಳ್ಳಿಹಾಕಬಹುದು. ಆದರೆ ಅಲಂಕಾರಕ್ಕಾಗಿ ಬರೆಯುವ ಕವಿ ಕತ್ತೆಕಿರುಬವನ್ನು ಏಕೆ ತಂದಾನು? ಕಂಡದ್ದನ್ನೇ ಬರೆದನೆಂದು ನಾನು ನಂಬುತ್ತೇನೆ. ಅದು ಕಲ್ಲುಗುಡ್ಡ ಮತ್ತು ಕುರುಚಲು ಕಾಡಿನ ಪ್ರಾಣಿ. ಪಟ್ಟಿಯಲ್ಲಿ ಆನೆ ಇಲ್ಲದಿರುವುದೂ ಆ ನೆಲಕ್ಕೆ ಒಪ್ಪುತ್ತದೆ.

ಆ ಕಾಲದ ನಂತರ ಸಾವಿರ ವರ್ಷ ದಾಟಿದರೆ ಕಾವಲುಗಳ ಕಾಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಅರಮನೆಗೆ ಹಾಲು ಬೆಣ್ಣೆ, ದಂಡಿಗೆ ಫಿರಂಗಿ ಎಳೆಯುವ ಎತ್ತು ಒದಗಿಸುವ ಈ ದನಗಳ ಮೇವಿಗಾಗಿ ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಎಲ್ಲ ಕಾವಲುಗಳೂ ಸೇರಿ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೆ ಮೀರಿದ್ದವು. ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಮಳೆ ಬೀಳುವ ಈ ಮೂಡಣ ತಾಲ್ಲೂಕುಗಳ ನೆಲಕ್ಕೆ ಹುಲ್ಲೇ ಸಹಜವಾದ ಹೊದಿಕೆ. ನಡುನಡುವೆ ಬಿಳಿಜಾಲಿ, ಚುಜ್ಜಲು, ಕಗ್ಗಲಿ, ಎಲಚಿ, ಕಾರೆ, ಕವಳಿ, ತಂಗಡಿ, ಬಂದರಿಕೆ. ಹಳ್ಳದ ಬದಿಯಲ್ಲಿ ಹೊಂಗೆ, ಮುತ್ತುಗ. ಹುಲ್ಲಿನಲ್ಲಿ ಕೌಜುಗ, ಮೊಲ, ಗುಳ್ಳೆನರಿ, ತೋಳ, ಹುಲ್ಲೆ. ನನ್ನ ಬಾಲ್ಯದಲ್ಲಿ ಹೊಲದ ಕಳ್ಳಿಬೇಲಿಯಲ್ಲಿ ರಾತ್ರಿ ಟಾರ್ಚು ಬಿಟ್ಟರೆ ಕೆಂಡದಂಥ ಎರಡು ಕಣ್ಣು ಹೊಳೆಯುತ್ತಿದ್ದವು: ಕಾಡುಪಾಪ. ಕೋಆಲಾದಂತೆಯೇ ಕೊಂಬೆಯನ್ನು ತಬ್ಬಿ ಬದುಕುವ ನಿಧಾನದ ಪ್ರಾಣಿ. ನೆಗೆಯಲಾರದು, ಒಂದು ಗಿಡದ ರೆಂಬೆ ಇನ್ನೊಂದಕ್ಕೆ ಹೆಣೆದುಕೊಂಡಿದ್ದರೆ ಮಾತ್ರ ಅದಕ್ಕೆ ದಾರಿ. ಸಾಲುಗಟ್ಟಿ ನೆಟ್ಟಗೆ ನಿಂತ, ಕೆಳಗೆ ಪೊದೆಯಿಲ್ಲದ ನೀಲಗಿರಿ ತೋಪು ಅದರ ಪಾಲಿಗೆ ದಾಟಲಾಗದ ಬಯಲೇ ಸರಿ.

ಆದರೆ ಕಂದಾಯದ ಪುಸ್ತಕದಲ್ಲಿ ಇಂಥ ನೆಲಕ್ಕೆ ಇದ್ದ ಹೆಸರು 'ಖರಾಬು', 'ಬಂಜರು'. ಬೆಳೆಯಿಲ್ಲದ್ದು, ಕಂದಾಯವಿಲ್ಲದ್ದು ಎಂಬ ಅರ್ಥದ ಪದವನ್ನು ನಾವು ಜೀವವಿಲ್ಲದ್ದು ಎಂದು ಓದಿಕೊಂಡೆವು. ಅಂದು ಕೈಯಲ್ಲಿ ಸಸಿ ಹಿಡಿದಿದ್ದ ನಾನೂ ಹಾಗೆಯೇ ಓದಿದ್ದೆ.

ನಮ್ಮ ವನಮಹೋತ್ಸವದ ಸಸಿಗಳ ಹಿಂದೆ ದೊಡ್ಡ ಯೋಜನೆಗಳಿದ್ದವೆಂಬುದು ಆಗ ನನಗೆ ತಿಳಿಯದು. ಭದ್ರಾವತಿಯ ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಗಿತ್ತು. 1972ರಿಂದ ಹರಿಹರದಲ್ಲಿ ಮರದ ತಿರುಳಿನಿಂದ ನೂಲಿನ ಕಚ್ಚಾವಸ್ತು ತಯಾರಾಗತೊಡಗಿತು. 1983ರಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಬಂತು. ಸೌದೆಗೆ, ಮೇವಿಗೆ ಮರ ಎಂಬುದು ಅದರ ಉದ್ದೇಶ. ನೆಲದ ಮೇಲೆ ಬಹುಪಾಲು ಎದ್ದದ್ದು ನೀಲಗಿರಿ. ಅದೇ ವರ್ಷ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು ಹುಣಸೆ, ಮಾವಿನ ಬೀಜ ಹಾಕಿದರು. ನೆರೆಯ ಜಿಲ್ಲೆಯ ಆ ಸುದ್ದಿಯನ್ನು ನಾವು ಶಿಕ್ಷಕರ ಕೊಠಡಿಯಲ್ಲಿ ಓದಿ, ರೈತರಿಗೆ ತಿಳಿವಳಿಕೆ ಸಾಲದೆಂದು ತೀರ್ಮಾನಿಸಿದ್ದೆವು!

ಅರಕಲಗೂಡಿನ ಕಥೆ ಸ್ವಲ್ಪ ಬೇರೆ. ರಾಮನಾಥಪುರ, ಕೊಣನೂರಿನ ಕಡೆ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆ. ಸೊಪ್ಪನ್ನು ಬ್ಯಾರನ್ನಿನಲ್ಲಿ ಜೋಡಿಸಿ ಐದಾರು ದಿನ ಹಗಲಿರುಳೂ ಬೆಂಕಿ ಹಾಕಿ ಹದ ಮಾಡಬೇಕು. ಆ ಬೆಂಕಿಗೆ ಸೌದೆ ಎಷ್ಟು ತಂದರೂ ಸಾಲದು. ಬೇಗ ಬೆಳೆಯುವ ನೀಲಗಿರಿ ಅಲ್ಲಿ ಒಲೆಗೆ ಹೋಗದಿದ್ದರೆ ಪಶ್ಚಿಮದ ಕಾಡಿನ ಮರಗಳೇ ಇನ್ನಷ್ಟು ಹೋಗುತ್ತಿದ್ದವೆಂಬ ವಾದವಿದೆ, ಅದನ್ನು ಸುಳ್ಳೆನ್ನಲಾರೆ. ಆಳು ಸಿಗದ, ಮಳೆಯನ್ನು ನಂಬಲಾಗದ ರಾಗಿಹೊಲದ ಒಡೆಯನು ನೀಲಗಿರಿ ಹಾಕಿ ಮಗಳ ಮದುವೆಗೆ ಕಡಿದು ಮಾರಿದ್ದನ್ನೂ ನೋಡಿದ್ದೇನೆ. ಅವನನ್ನು ದೂರುವುದು ಸುಲಭ, ನ್ಯಾಯವಲ್ಲ.

ನೀರಿನ ಮಾತು ಬಂದಾಗ ಎರಡು ಪಕ್ಷದವರೂ ಕೂಗಾಡುವುದೇ ಹೆಚ್ಚು. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯವರು ನಮ್ಮ ಅರಣ್ಯ ಇಲಾಖೆಯೊಡನೆ ಶಿವಮೊಗ್ಗದ ಬಳಿಯೂ ಹೊಸಕೋಟೆಯಲ್ಲೂ ಅಳತೆ ಮಾಡಿ ನೋಡಿದರು. ಮಣ್ಣು ತೆಳುವಾಗಿರುವಲ್ಲಿ ನೀಲಗಿರಿಯು ನಮ್ಮ ಕುರುಚಲು ಕಾಡಿಗಿಂತ ಹೆಚ್ಚು ನೀರನ್ನೇನೂ ಹೀರಲಿಲ್ಲ. ಆದರೆ ರಾಗಿಗೆ ಹೋಲಿಸಿದರೆ ಸುಮಾರು ಎರಡರಷ್ಟು ಹೀರಿತು. ಆಳವಾದ ಮಣ್ಣಿದ್ದ ಹೊಸಕೋಟೆಯಲ್ಲಿ ಬೇರು ಕೆಳಕೆಳಗೆ ಇಳಿದು, ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಖರ್ಚು ಮಾಡಿತ್ತು. ಅಂದರೆ ಹಿಂದಿನ ವರ್ಷಗಳ ಉಳಿತಾಯಕ್ಕೆ ಕೈಹಾಕಿತ್ತು. ಕಾಡು ಕಡಿದು ನೆಟ್ಟರೆ ಒಂದು ಲೆಕ್ಕ, ರಾಗಿ ಹೊಲದಲ್ಲಿ ನೆಟ್ಟರೆ ಇನ್ನೊಂದು ಲೆಕ್ಕ ಎಂಬುದು ಇದರಿಂದ ತಿಳಿಯುತ್ತದೆ. ಈ ವಿವರ ಕೂಗಾಟದಲ್ಲಿ ಯಾರಿಗೂ ಬೇಕಾಗಲಿಲ್ಲ.

ಇನ್ನೊಂದು ತಮಾಷೆಯನ್ನು ಹೇಳದೆ ಹೋದರೆ ಕಥೆ ಪೂರ್ಣವಾಗದು. 2001ರ ಸುಮಾರಿಗೆ ದಕ್ಷಿಣ ಭಾರತದ ನೀಲಗಿರಿಯ ಎಲೆ, ತೊಟ್ಟುಗಳಲ್ಲಿ ಗಂಟುಗಳು ಕಾಣಿಸಿಕೊಂಡವು. ಕಾರಣ ಒಂದು ಮಿಲಿಮೀಟರಿಗಿಂತ ಸ್ವಲ್ಪ ಉದ್ದದ ಕಣಜ. ವಿಜ್ಞಾನಿಗಳು 2004ರಲ್ಲಿ ಅದಕ್ಕೆ ಹೆಸರಿಟ್ಟರು. ಅದರ ಮೂಲ ಆಸ್ಟ್ರೇಲಿಯಾ! ಇನ್ನೂರು ವರ್ಷಗಳ ಮೇಲೆ ತೌರಿನಿಂದ ಒಬ್ಬ ನೆಂಟ ಬಂದನಾದರೂ, ಅವನು ಸಸಿಮಡಿಗಳನ್ನು ಹಾಳುಗೆಡವಲು ಬಂದಿದ್ದ.

2017ರಲ್ಲಿ ಕರ್ನಾಟಕ ಸರ್ಕಾರ ನೀಲಗಿರಿ, ಅಕೇಶಿಯ ಸಸಿಗಳನ್ನು ಬೆಳೆಸುವುದನ್ನೂ ನೆಡುವುದನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಅತ್ತ 2022ರಲ್ಲಿ ಆಸ್ಟ್ರೇಲಿಯಾ ಸರ್ಕಾರವು ತನ್ನ ಪೂರ್ವದ ರಾಜ್ಯಗಳಲ್ಲಿ ಕೋಆಲಾವನ್ನು ಅಪಾಯದಂಚಿನ ಪ್ರಾಣಿಯೆಂದು ಘೋಷಿಸಿತು. ಕಾಡ್ಗಿಚ್ಚು, ರೋಗಗಳ ಜೊತೆಗೆ ಅದರ ಮೇವಿನ ಮರಗಳನ್ನು ಕಡಿದದ್ದೂ ಕಾರಣ. ಇಲ್ಲಿ ಹೆಚ್ಚಾಯಿತೆಂದು ಕಿತ್ತ ಮರ, ಅಲ್ಲಿ ಸಾಲದಾಗಿದೆ. ಕಾವಲುಗಳ ವಿಷಯದಲ್ಲೂ ಒಂದಿಷ್ಟು ಎಚ್ಚರ ಮೂಡಿದೆ. ನೆರೆಯ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಹುಲ್ಲೆಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು.

ಹೋದ ಮುಂಗಾರಿನಲ್ಲಿ ಆ ಹಳೆಯ ಗೋಮಾಳಕ್ಕೆ ಹೋಗಿದ್ದೆ. ಅಂದು ನನ್ನೊಡನೆ ಸಸಿ ಹೊತ್ತ ಹುಡುಗರಲ್ಲೊಬ್ಬ ಈಗ ತಲೆ ನರೆತ ರೈತ. ಅವನ ಹೊಲ ಗೋಮಾಳಕ್ಕೆ ಹೊಂದಿಕೊಂಡೇ ಇದೆ. ಪಂಚಾಯಿತಿಯವರು ಮರ ಕಡಿಸಿ, ಜೆಸಿಬಿಯಿಂದ ಬೊಡ್ಡೆ ಕೀಳಿಸಿ ಎರಡು ವರ್ಷವಾಗಿತ್ತು. ಮೊದಲ ಮಳೆಗೆ ಕಾಂಗ್ರೆಸ್ ಗಿಡವೇ ಎದ್ದಿತ್ತಂತೆ. ಈಗ ಅಂಚಿನಲ್ಲಿ ತಂಗಡಿ ಹೂಬಿಟ್ಟಿತ್ತು, ಎರಡು ಬಂದರಿಕೆ ಗಿಡ ಕಂಡವು, ಅಲ್ಲಲ್ಲಿ ಹುಲ್ಲು. ಎಲ್ಲೋ ಕೌಜುಗ ಕೂಗಿತು. ನನ್ನ ಕಿವಿ ಮಂದವಾದ್ದರಿಂದ ಅವನೇ ತೋರಿಸಿಕೊಡಬೇಕಾಯಿತು.

ಮೂಲೆಯಲ್ಲಿ ಒಂದೇ ಒಂದು ನೀಲಗಿರಿ ನಿಂತಿತ್ತು, ಎರಡು ತೆಂಗಿನಷ್ಟು ಎತ್ತರ. "ಇದೊಂದನ್ನ ಯಾಕಪ್ಪ ಬಿಟ್ಟರು?" ಎಂದೆ. "ಅದರಲ್ಲಿ ಹದ್ದು ಗೂಡು ಕಟ್ಟಿತ್ತು ಸಾರ್. ಮರಿ ಇದ್ವು. ನಾನೇ ಬೇಡ ಅಂದೆ" ಎಂದ. ಕತ್ತೆತ್ತಿ ನೋಡಿದೆ. ಗೂಡು ಇನ್ನೂ ಇತ್ತು.